ಅನುಮಂದ್ರಕ್ಕೊಂದು ಪೆಟ್ಟಿಗೆ

ನನ್ನ ಮಾತನ್ನು ನಿಮ್ಮಲ್ಲಿ ಹಲವರು ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲೋ ಮೊಬೈಲಿನಲ್ಲೋ ಕೇಳುತ್ತಿದ್ದೀರಿ. ಗಂಡಸಿನ ಮಾತಿನ ಮೂಲ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 130ರ ಆಸುಪಾಸು, ಅಂದರೆ ಅಷ್ಟು ಹರ್ಟ್ಸ್. ಎರಡು ಮೂರು ಅಂಗುಲದ ಸ್ಪೀಕರಿಗೆ ಅಷ್ಟು ಕೆಳಗಿಳಿಯುವ ಶಕ್ತಿಯಿಲ್ಲ. ಆದರೂ ಮಾತಾಡುತ್ತಿರುವುದು ಗಂಡಸು ಎಂದು ನಿಮಗೆ ಗೊತ್ತಾಗುತ್ತದೆ. ಪರಿಚಯದ ದನಿಯಾದರೆ ಹೆಸರನ್ನೂ ಹೇಳಿಬಿಡುತ್ತೀರಿ. ಮೂಲ ಕಂಪನ ಬಾರದಿದ್ದರೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಿನ ಮೇಲ್ಸ್ವರಗಳು ಬರುತ್ತವೆ. ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ ಇಂಥದೇ ಒಂದು ಮೇಲ್ಸ್ವರ. ಈ ಮೇಲ್ಸ್ವರಗಳ ನಡುವಿನ ಅಂತರವನ್ನು ಹಿಡಿದು ನಮ್ಮ ಮಿದುಳು ಇಲ್ಲದ ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಟೆಲಿಫೋನು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ಅಷ್ಟು ಕಿರಿದಾದ ದಾರಿಯಲ್ಲೇ ನಾವು ಅಪ್ಪನ ದನಿ ಯಾವುದು, ಚಿಕ್ಕಪ್ಪನ ದನಿ ಯಾವುದು ಎಂದು ಗುರುತಿಸುತ್ತಿದ್ದೆವು.

ಮಾತಿಗೆ ಇಷ್ಟು ಸಾಕು. ಸಂಗೀತಕ್ಕೆ ಸಾಲದು, ಆರ್ಗನ್ ಎಂಬ ವಾದ್ಯಕ್ಕಂತೂ ಏನೇನೂ ಸಾಲದು. ಮನೆಯಲ್ಲಿ ಎಲೆಕ್ಟ್ರಾನಿಕ್ ಆರ್ಗನ್ ಇಟ್ಟುಕೊಂಡವರು ಅದಕ್ಕೊಂದು ಸಬ್‌ವೂಫರ್, ಅಂದರೆ ತಳಸ್ವರಕ್ಕೆಂದೇ ಇರುವ ಸ್ಪೀಕರು ಪೆಟ್ಟಿಗೆ, ಜೋಡಿಸಿಕೊಳ್ಳುವುದು ಹೇಗೆ, ಯಾತಕ್ಕೆ ಎಂಬುದು ಇಂದಿನ ಮಾತಿನ ವಿಷಯ.

ಮೊದಲು ವಾದ್ಯದ ಬಗ್ಗೆ. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಕಂಡವರಿಗೆ ಕಾಲಿನ ಕೆಲಸವೆಂದರೆ ಗಾಳಿ ಊದುವುದು. ಆರ್ಗನ್ನಿನಲ್ಲಿ ಹಾಗಲ್ಲ, ಅಲ್ಲಿ ಕಾಲೇ ಸ್ವರ ನುಡಿಸುತ್ತದೆ. ಬೆಂಚಿನ ಕೆಳಗೆ ಮರದ ಪಟ್ಟಿಗಳ ಸಾಲೊಂದು ಇರುತ್ತದೆ. ಅದೇ ಪೆಡಲ್ ಸಾಲು. ಸಣ್ಣ ಮನೆ ಆರ್ಗನ್‌ಗಳಲ್ಲಿ 13 ಪೆಡಲ್‌ಗಳು, ದೊಡ್ಡವುಗಳಲ್ಲಿ 25, ಚರ್ಚಿನ ಅಳತೆಯವುಗಳಲ್ಲಿ 30 ಅಥವಾ 32. ಎರಡು ಕೈಗಳು ಮೇಲಿನ ಕೀಲಿಮಣೆಗಳಲ್ಲಿ ಓಡಾಡುತ್ತಿರುವಾಗ ಇಡೀ ಸಂಗೀತದ ತಳವನ್ನು ನೋಡಿಕೊಳ್ಳುವುದು ಕಾಲಿನ ಹೊಣೆ.

ಆರ್ಗನ್ನಿನವರು ಸ್ವರದ ಎತ್ತರವನ್ನು ಅಡಿಗಳಲ್ಲಿ ಹೇಳುತ್ತಾರೆ. ಎರಡೂ ತುದಿ ತೆರೆದ ಎಂಟಡಿಯ ಕೊಳವೆ 65.4 ಹರ್ಟ್ಸ್‌ನ ಸಿ ಸ್ವರವನ್ನು ಕೊಡುತ್ತದೆ. ಹದಿನಾರು ಅಡಿಯದು ಅದರ ಅರ್ಧಕ್ಕೆ, 32.7ಕ್ಕೆ ಇಳಿಯುತ್ತದೆ. ಮೂವತ್ತೆರಡು ಅಡಿಯದು ಇನ್ನೂ ಅರ್ಧಕ್ಕೆ, 16.35ಕ್ಕೆ. ಇದನ್ನು ನಮ್ಮ ಶ್ರುತಿಯ ಲೆಕ್ಕಕ್ಕೆ ತಂದು ನೋಡೋಣ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಂಡು ಗಾಯಕರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ಅವರ ತಂಬೂರಿಯ ಮಂದ್ರ ಷಡ್ಜ 65ರ ಹತ್ತಿರ. ಎಂಟಡಿಯ ಕೊಳವೆ ಅಲ್ಲಿಗೆ ಮುಟ್ಟುತ್ತದೆ. ಹದಿನಾರು ಅಡಿಯದು ತಂಬೂರಿಗಿಂತಲೂ ಒಂದು ಸ್ಥಾಯಿ ಕೆಳಗೆ, ಅನುಮಂದ್ರದಲ್ಲಿ ನಿಂತಿದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯೂ 41.2ಕ್ಕೇ ನಿಲ್ಲುತ್ತದೆ. ಸಿಡ್ನಿ ಟೌನ್ ಹಾಲಿಗಾಗಿ 1890ರಲ್ಲಿ ಸಿದ್ಧವಾದ ಆರ್ಗನ್ನಿನಲ್ಲಿ ಅರವತ್ತನಾಲ್ಕು ಅಡಿಯ ಸಾಲೊಂದಿದೆ. ಅದರ ಕೆಳತುದಿಯ ಸಿ ಸೆಕೆಂಡಿಗೆ ಎಂಟೇ ಕಂಪನ. ಒಂದೊಂದು ಮಿಡಿತವನ್ನೂ ಬೇರೆ ಬೇರೆಯಾಗಿ ಅರಿಯಬಹುದು. ಅದು ವಿಶೇಷದ ಮಾತು. ಸಾಮಾನ್ಯ ಆರ್ಗನ್ನಿಗೆ ಹದಿನಾರು ಅಡಿಯ ಪೆಡಲ್ ಸ್ವರ ವಿಶೇಷವಲ್ಲ, ದಿನನಿತ್ಯದ್ದು. ಅದಿಲ್ಲದೆ ಆರ್ಗನ್ ಎನ್ನುವಂತಿಲ್ಲ.

ಹದಿನಾರು ಅಡಿಯ ಕೊಳವೆ ಸಾಮಾನ್ಯ ಮನೆಯೊಳಗೆ ಹಿಡಿಸುವುದಿಲ್ಲ. ಅಮೆರಿಕದ ಲಾರೆನ್ಸ್ ಹ್ಯಾಮಂಡ್ ತಮ್ಮ ವಿದ್ಯುತ್ ಆರ್ಗನ್ನನ್ನು 1935ರಲ್ಲಿ ಮಾರುಕಟ್ಟೆಗೆ ತಂದಾಗ ಕೊಳವೆಯೇ ಇಲ್ಲದೆ ಆ ಸ್ವರ ಸಿಕ್ಕಿತು. ಹಲ್ಲಿನಂಚಿನ ಲೋಹದ ಚಕ್ರಗಳು ಆಯಸ್ಕಾಂತದ ಮುಂದೆ ತಿರುಗುತ್ತವೆ, ಅದರಿಂದ ಹುಟ್ಟುವ ವಿದ್ಯುತ್ ಅಲೆಯೇ ಸ್ವರ. ಸ್ಪೀಕರುಗಳಿದ್ದ ಪೆಟ್ಟಿಗೆ ಬೇರೆಯೇ ಇತ್ತು. ಡೊನಾಲ್ಡ್ ಲೆಸ್ಲಿ ಎಂಬವರಿಗೆ ದೊಡ್ಡ ಮಳಿಗೆಯಲ್ಲಿ ಕೇಳಿದ ಹ್ಯಾಮಂಡ್ ಮನೆಯ ಪುಟ್ಟ ಕೋಣೆಯಲ್ಲಿ ಸಪ್ಪೆಯಾಗಿ ಕೇಳಿಸಿತು. ಅವರು ತಮ್ಮದೇ ಪೆಟ್ಟಿಗೆ ಕಟ್ಟಲು ಹೊರಟರು. 800 ಹರ್ಟ್ಸ್‌ಗಿಂತ ಮೇಲಿನದ್ದು ತಿರುಗುವ ಕಹಳೆಗೆ, ಕೆಳಗಿನದ್ದು ಹದಿನೈದು ಅಂಗುಲದ ಸ್ಪೀಕರಿಗೂ ಅದರ ಕೆಳಗೆ ತಿರುಗುವ ಡ್ರಮ್ಮಿಗೂ. 1940ರ ದಶಕದ ಆರಂಭದಿಂದ ಆ ಲೆಸ್ಲಿ ಪೆಟ್ಟಿಗೆ ಹ್ಯಾಮಂಡಿನ ಜೊತೆಗಾರನಾಗಿ ಉಳಿದಿದೆ. ವಾದ್ಯ ಒಂದೇ ಆದರೂ ಅದನ್ನು ಇಟ್ಟ ಕೋಣೆ, ಅದು ನುಡಿಯುವ ಪೆಟ್ಟಿಗೆ ಬದಲಾದರೆ ಸಂಗೀತವೇ ಬದಲಾಗುತ್ತದೆ ಎಂಬ ತಿಳಿವಳಿಕೆ ಆ ಕಾಲದಿಂದಲೇ ಇದೆ.

ಆಮೇಲೆ ಟ್ರಾನ್ಸಿಸ್ಟರಿನ ಆರ್ಗನ್‌ಗಳು ಬಂದವು. ಯಮಾಹಾದ ಎಲೆಕ್ಟೋನ್ 1959ರಲ್ಲಿ ಬಂತು. 1971ರಲ್ಲಿ ಆಲೆನ್ ಕಂಪನಿ ಡಿಜಿಟಲ್ ಆರ್ಗನ್ನನ್ನು ಹೊರತಂದಿತು. ಈಗಿನವುಗಳಲ್ಲಿ ನಿಜವಾದ ಕೊಳವೆಗಳ ಧ್ವನಿಮುದ್ರಣವೇ ಚಿಪ್ಪಿನೊಳಗೆ ಕೂತಿದೆ. ಆದರೆ ಮನೆಯ ಆರ್ಗನ್ ಮೇಜಿನಷ್ಟು ಅಗಲ ಇರಬೇಕು, ಗೋಡೆಗೆ ಒತ್ತಿ ನಿಲ್ಲಬೇಕು, ಬೆಲೆ ಕೈಗೆಟುಕಬೇಕು. ಹಾಗಾಗಿ ಒಳಗಿನ ಸ್ಪೀಕರು ಆರು, ಎಂಟು, ಹೆಚ್ಚೆಂದರೆ ಹನ್ನೆರಡು ಅಂಗುಲದ್ದು. ಹಿಂದೆ ತೆಳು ಹಲಗೆ. ಚಿಪ್ಪಿನೊಳಗೆ 32.7 ಹರ್ಟ್ಸ್‌ನ ಸ್ವರ ಪೂರ್ತಿ ಇದೆ, ಕೊಂಡವರು ಅದಕ್ಕೆ ಹಣವನ್ನೂ ಕೊಟ್ಟಿದ್ದಾರೆ. ಅದು ಕೋಣೆಗೆ ಮಾತ್ರ ಬರುವುದಿಲ್ಲ.

ನಿಮ್ಮಲ್ಲಿ ಆರ್ಗನ್ ಇದ್ದರೆ ಹೀಗೊಂದು ಪರೀಕ್ಷೆ ಮಾಡಿ. ಪೆಡಲಿಗೆ ಬೋರ್ಡನ್ 16 ಎಂಬ ಸ್ಟಾಪನ್ನು ಮಾತ್ರ ಎಳೆದುಕೊಳ್ಳಿ. ಸ್ಟಾಪ್ ಎಂದರೆ ಒಂದೇ ನಾದದ ಕೊಳವೆಗಳ ಸಾಲು. ಎಡಗಾಲಿನಿಂದ ಮೇಲಿನ ಸಿಯಿಂದ ಒಂದೊಂದೇ ಪೆಡಲ್ ಕೆಳಗಿಳಿಯಿರಿ. ಜಿ, ಎಫ್ ದಾಟುವ ಹೊತ್ತಿಗೆ ಸ್ವರ ಕರಗುತ್ತದೆ. ಅತಿ ಕೆಳಗಿನ ಸಿಗೆ ಬಂದಾಗ ಸ್ಪೀಕರಿನ ಕಾಗದ ಪಟಪಟನೆ ಅಲುಗುವ ಸದ್ದಷ್ಟೇ ಉಳಿದಿರಬಹುದು. ಈಗ ಬೋರ್ಡನ್ನನ್ನು ಮುಚ್ಚಿ ಪೊಸೌನ್ ಅಥವಾ ಟ್ರೊಂಬೋನ್ 16 ಎಳೆಯಿರಿ. ಅದೇ ಸಿ ಗುಡುಗಿದಂತೆ ಕೇಳುತ್ತದೆ. ಎರಡನೆಯದು ನಾಲಗೆ ಇರುವ ಕೊಳವೆಯ ನಾದ, ಅದರಲ್ಲಿ ಮೇಲ್ಸ್ವರಗಳು ಹೇರಳ. ಕಿವಿ ಅವುಗಳಿಂದ ಮೂಲವನ್ನು ಊಹಿಸಿಕೊಂಡಿತು. ಬೋರ್ಡನ್ನಿನಲ್ಲಿ ಮೂಲ ಕಂಪನವೇ ಬಹುಪಾಲು, ಮೇಲ್ಸ್ವರಗಳು ಅತ್ಯಲ್ಪ. ಅದು ಬಾರದಿದ್ದರೆ ಊಹಿಸಿಕೊಳ್ಳಲು ಕಿವಿಗೆ ಏನೂ ಸಿಗುವುದಿಲ್ಲ. ಮೆಲ್ಲನೆಯ ಸಂಗೀತಕ್ಕೆ ಬೇಕಾಗುವುದು ಈ ಬೋರ್ಡನ್ನೇ. ಮನೆ ಆರ್ಗನ್ ನುಡಿಸುವ ಎಷ್ಟೋ ಮಂದಿ ಗಟ್ಟಿ ಸ್ಟಾಪುಗಳನ್ನೇ ಎಳೆಯುತ್ತಾ ಹೋಗುವುದರ ಕಾರಣವೂ ಇದೇ ಎಂದು ನನಗೆ ತೋರುತ್ತದೆ.

ಸಣ್ಣ ಸ್ಪೀಕರಿನ ತಪ್ಪೇನೂ ಇಲ್ಲ. ಅಷ್ಟೇ ಒತ್ತಡದ ಸದ್ದನ್ನು ಒಂದು ಸ್ಥಾಯಿ ಕೆಳಗೆ ಕೊಡಬೇಕಾದರೆ ಸ್ಪೀಕರಿನ ಕೋನ್ ನಾಲ್ಕರಷ್ಟು ದೂರ ಹಿಂದೆ ಮುಂದೆ ಚಲಿಸಬೇಕು. ಎರಡು ಸ್ಥಾಯಿ ಕೆಳಗಾದರೆ ಹದಿನಾರರಷ್ಟು. ಅದರ ಮೇಲೆ ನಮ್ಮ ಕಿವಿಯೂ ತಳಸ್ವರಕ್ಕೆ ಮಂದ. 1000 ಹರ್ಟ್ಸ್‌ನಲ್ಲಿ ಎರಡು ಮೂರು ಡೆಸಿಬೆಲ್ಲಿಗೇ ಎಚ್ಚರಗೊಳ್ಳುವ ಕಿವಿ 31.5 ಹರ್ಟ್ಸ್‌ನಲ್ಲಿ ಸುಮಾರು 60 ಡೆಸಿಬೆಲ್ ಆದಮೇಲೇ ಏನೋ ಇದೆ ಎಂದು ಅರಿಯುತ್ತದೆ. ಅಷ್ಟು ಒತ್ತಡ ಮಧ್ಯ ಸ್ಥಾಯಿಯಲ್ಲಿದ್ದರೆ ಇಬ್ಬರ ನಡುವಿನ ಮಾತುಕತೆಯಷ್ಟು ಕೇಳುತ್ತದೆ. ಈ ಕೆಲಸಕ್ಕೆ ದೊಡ್ಡ ಕೋನ್, ಗಟ್ಟಿ ಪೆಟ್ಟಿಗೆ, ತನ್ನದೇ ಆಂಪ್ಲಿಫೈಯರ್ ಇರುವ ಪ್ರತ್ಯೇಕ ಸಾಧನವೇ ಬೇಕು.

ಸಬ್‌ವೂಫರ್ ಎಂದ ಕೂಡಲೇ ನಮಗೆ ನೆನಪಾಗುವುದು ಹೋಮ್ ಥಿಯೇಟರ್. ಇಲ್ಲಿ ಒಂದು ಎಚ್ಚರ ಬೇಕು. ಸಿನಿಮಾದ ಸಬ್‌ವೂಫರಿಗೆ ಇರುವ ಕೆಲಸ ಸ್ಫೋಟ, ಗುಡುಗು, ರೈಲಿನ ಅದುರು. ಅವು ಸದ್ದುಗಳು, ಅವುಗಳ ಶ್ರುತಿಯನ್ನು ಯಾರೂ ಕೇಳುವುದಿಲ್ಲ. ಒಂದು ಗುಡುಗು 40 ಹರ್ಟ್ಸ್‌ನಲ್ಲಿ ಬಂದರೇನು, 55ರಲ್ಲಿ ಬಂದರೇನು, ಎದೆ ಝಲ್ಲೆಂದರೆ ಆಯಿತು. ಆರ್ಗನ್ನಿನ ಪೆಡಲ್‌ಗಳಾದರೋ ಒಂದೊಂದೂ ಒಂದೊಂದು ಸ್ವರ. ಸಿ ಎಷ್ಟು ತೂಕವಾಗಿ ಕೇಳಿತೋ ಡಿ ಅಷ್ಟೇ ತೂಕವಾಗಿ ಕೇಳಬೇಕು, ಇ ಅಷ್ಟೇ. ಒಂದು ಸ್ವರ ಮನೆ ನಡುಗಿಸಿ ಪಕ್ಕದ್ದು ಕಾಣೆಯಾದರೆ ರಾಗದ ಸಾಲಿನಲ್ಲಿ ಹಲ್ಲು ಬಿದ್ದಂತಾಗುತ್ತದೆ. ಆರ್ಗನ್ನಿಗೆ ಬೇಕಾದದ್ದು ಹೆಚ್ಚು ಬೇಸ್ ಅಲ್ಲ, ಸಮವಾದ ಬೇಸ್. ಈ ಒಂದು ಮಾತನ್ನು ಹಿಡಿದುಕೊಂಡರೆ ಪೆಟ್ಟಿಗೆ ಯಾವುದು, ಇಡುವುದೆಲ್ಲಿ, ತಿರುಗಣೆ ಎಷ್ಟು ತಿರುಗಿಸಬೇಕು ಎಂಬುದೆಲ್ಲ ಅದರಿಂದಲೇ ಹೊರಡುತ್ತದೆ.

ಪೆಟ್ಟಿಗೆಯ ಆಯ್ಕೆ. ಅಂಗಡಿಯಲ್ಲಿ ಸಾವಿರಗಟ್ಟಲೆ ಪಿ.ಎಂ.ಪಿ.ಓ. ವ್ಯಾಟ್ ಎಂದು ಬರೆದ ಅಂಟುಚೀಟಿಯನ್ನು ನಂಬಬೇಡಿ, ನಿರಂತರವಾಗಿ ಕೊಡಬಲ್ಲ ಶಕ್ತಿ, ಅಂದರೆ ಆರ್.ಎಂ.ಎಸ್., ಎಷ್ಟು ಎಂದು ಕೇಳಿ. ಕಂಪ್ಯೂಟರಿಗೆ ಹಾಕುವ ಸಣ್ಣ 2.1 ಸೆಟ್ಟಿನ ಸಬ್‌ವೂಫರ್ 60ರಿಂದ 100 ಹರ್ಟ್ಸ್ ನಡುವೆ ಉಬ್ಬಿ ಕೇಳುತ್ತದೆ, ಅದರ ಕೆಳಗೆ ಹೆಚ್ಚೇನೂ ಇಲ್ಲ. ಅದನ್ನು ಜೋಡಿಸಿದರೆ ಪೆಡಲಿನ ಮೇಲುಭಾಗ ಅಬ್ಬರಿಸಿ ಕೆಳಭಾಗ ಮೊದಲಿನಂತೆಯೇ ಖಾಲಿ ಉಳಿಯುತ್ತದೆ. ಹತ್ತು ಅಂಗುಲಕ್ಕಿಂತ ಕಡಿಮೆಯದು ಈ ಕೆಲಸಕ್ಕೆ ಬೇಡ, ಹನ್ನೆರಡಾದರೆ ಒಳ್ಳೆಯದು. ತಾಂತ್ರಿಕ ವಿವರದಲ್ಲಿ ಬರೀ '20 ಹರ್ಟ್ಸ್‌ನಿಂದ' ಎಂದಿದ್ದರೆ ಅದಕ್ಕೆ ಅರ್ಥವಿಲ್ಲ. ಎಷ್ಟು ಡೆಸಿಬೆಲ್ ಇಳಿತದೊಳಗೆ ಎಂದೂ ಬರೆದಿರಬೇಕು. ಮೂರು ಡೆಸಿಬೆಲ್ ಇಳಿತದೊಳಗೆ 30 ಹರ್ಟ್ಸ್ ಮುಟ್ಟುವ ಪೆಟ್ಟಿಗೆ ಹದಿನಾರು ಅಡಿಯ ಸಾಲಿಗೆ ಸಾಕು.

ಪೆಟ್ಟಿಗೆಗಳಲ್ಲಿ ಎರಡು ಬಗೆ: ಪೂರ್ತಿ ಮುಚ್ಚಿದ್ದು, ರಂಧ್ರವಿರುವುದು. ರಂಧ್ರವಿರುವುದರಲ್ಲಿ ಅದೇ ಬೆಲೆಗೆ ಸದ್ದು ಹೆಚ್ಚು. ಆದರೆ ರಂಧ್ರದ ಶ್ರುತಿ ಎಷ್ಟಕ್ಕೆ ಕೂಡಿಸಿದೆಯೋ ಅದಕ್ಕಿಂತ ಕೆಳಗೆ ಸದ್ದು ಪ್ರತಿ ಸ್ಥಾಯಿಗೆ 24 ಡೆಸಿಬೆಲ್ಲಿನಂತೆ ಕುಸಿಯುತ್ತದೆ, ಕೋನಿಗೆ ಹಿಡಿತವೂ ತಪ್ಪುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇಳಿತ 12 ಡೆಸಿಬೆಲ್, ನಿಧಾನದ್ದು. ಸಮವಾದ ಬೇಸ್ ಬೇಕಾದವರಿಗೆ ನನ್ನ ಸಲಹೆ ಮುಚ್ಚಿದ ಪೆಟ್ಟಿಗೆ. ರಂಧ್ರದ್ದೇ ಕೊಳ್ಳುವುದಾದರೆ ಅದರ ಶ್ರುತಿ 30ಕ್ಕಿಂತ ಕೆಳಗಿರಲಿ. ವೈರ್ ಇಲ್ಲದ ಸಬ್‌ವೂಫರ್‌ಗಳಿಂದ ದೂರವಿರಿ. ಸದ್ದು ತಡವಾಗಿ ಬಂದರೆ ಸಿನಿಮಾದಲ್ಲಿ ಸರಿಪಡಿಸಿಕೊಳ್ಳಬಹುದು. ನುಡಿಸುತ್ತಿರುವ ಕಾಲಿಗೆ ಆ ತಡವನ್ನು ಸರಿಪಡಿಸಲು ಬರುವುದಿಲ್ಲ.

ಇನ್ನು ಜೋಡಣೆ. ಈಚಿನ ಡಿಜಿಟಲ್ ಆರ್ಗನ್ನಿನ ಹಿಂಬದಿಯಲ್ಲಿ ಲೈನ್ ಔಟ್ ಅಥವಾ ಆಕ್ಸ್ ಔಟ್ ಎಂದು ಬರೆದ ಎರಡು ಜ್ಯಾಕ್‌ಗಳಿರುತ್ತವೆ, ಎಡ ಮತ್ತು ಬಲ. ಅವಕ್ಕೆ 6.35 ಮಿಲಿಮೀಟರಿನ ದಪ್ಪ ಪಿನ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ರೇಡಿಯೊ ಅಂಗಡಿಯಲ್ಲಾಗಲಿ ಪಿ-38 ಪಿನ್ ಎಂದರೆ ಕೊಡುತ್ತಾರೆ. ಸಬ್‌ವೂಫರಿನ ಕಡೆ ಸಾಮಾನ್ಯವಾಗಿ ಆರ್‌ಸಿಎ ಪಿನ್. ಒಂದು ತುದಿಗೆ ಇದು, ಇನ್ನೊಂದಕ್ಕೆ ಅದು ಇರುವ ಎರಡು ಕೇಬಲ್‌ಗಳನ್ನು ಎಡಕ್ಕೆ ಎಡ, ಬಲಕ್ಕೆ ಬಲ ಎಂದು ಹಾಕಿದರೆ ಮುಗಿಯಿತು. ಎರಡನ್ನೂ ಕೂಡಿಸುವ ಕೆಲಸ ಸಬ್‌ವೂಫರಿನದು. ಲೈನ್ ಔಟ್‌ಗೆ ಪಿನ್ ಹಾಕಿದ ಮೇಲೂ ಆರ್ಗನ್ನಿನ ಸ್ವಂತ ಸ್ಪೀಕರುಗಳು ನುಡಿಯುತ್ತಲೇ ಇರಬೇಕು. ಮೇಲಿನ ಸ್ವರಗಳೆಲ್ಲ ಅವುಗಳವೇ.

ಸಬ್‌ವೂಫರಿಗೆ ಒಂದೇ ಇನ್‌ಪುಟ್ ಇದ್ದರೆ? ಒಂದು ಔಟ್‌ಪುಟ್ಟನ್ನು ಎರಡು ಕಡೆಗೆ ಹಂಚಬಹುದು. ಎರಡು ಔಟ್‌ಪುಟ್‌ಗಳನ್ನು ನೇರವಾಗಿ ಒಂದಕ್ಕೊಂದು ಬೆಸೆಯಬಾರದು, ಅವು ಒಂದನ್ನೊಂದು ಎದುರು ತಳ್ಳುತ್ತವೆ. ಎಡ ಜ್ಯಾಕಿನ ಪಕ್ಕ ಮೋನೊ ಎಂದು ಬರೆದಿದ್ದರೆ ಅದೊಂದನ್ನೇ ಬಳಸಿ, ವಾದ್ಯವೇ ಒಳಗೆ ಕೂಡಿಸಿ ಕೊಡುತ್ತದೆ. ಹಾಗೆ ಇಲ್ಲದಿದ್ದರೆ ಪ್ರತಿಯೊಂದರ ದಾರಿಗೂ ಒಂದು ಕಿಲೋ ಓಮ್‌ನ ರೆಸಿಸ್ಟರ್ ಹಾಕಿ ಆಮೇಲೆ ಕೂಡಿಸಿದ ಕೇಬಲ್ ಮಾಡಿಸಿಕೊಳ್ಳಿ. ಹೆಡ್‌ಫೋನ್ ಜ್ಯಾಕ್ ಕೊನೆಯ ದಾರಿ. ಅದಕ್ಕೆ ಪಿನ್ ಹಾಕಿದ ಕೂಡಲೇ ಒಳಗಿನ ಸ್ಪೀಕರುಗಳು ಬಾಯಿ ಮುಚ್ಚುತ್ತವೆ, ಆಮೇಲೆ ಇಡೀ ವಾದ್ಯಕ್ಕೇ ಹೊರಗಿನ ಸ್ಪೀಕರು ಬೇಕಾಗುತ್ತದೆ. ಅಲ್ಲಿ ಮೋನೊ ಪಿನ್ ಹಾಕಿದರೆ ಬಲಗಡೆಯ ದಾರಿ ಶಾರ್ಟ್ ಆಗುತ್ತದೆ, ಸ್ಟೀರಿಯೊ ಪಿನ್ನೇ ಹಾಕಬೇಕು.

ಹಳೆಯ ಟ್ರಾನ್ಸಿಸ್ಟರ್ ಆರ್ಗನ್‌ಗಳ ಕಥೆ ಬೇರೆ. ಹಲವಕ್ಕೆ ಯಾವ ಔಟ್‌ಪುಟ್ಟೂ ಇರುವುದಿಲ್ಲ. ಒಳಗಿನ ದೊಡ್ಡ ಸ್ಪೀಕರಿಗೆ ಹೋಗುವ ಎರಡು ವೈರುಗಳೇ ಗತಿ. ಕೆಲವು ಸಬ್‌ವೂಫರ್‌ಗಳಿಗೆ ಹೈ ಲೆವೆಲ್ ಇನ್‌ಪುಟ್ ಇರುತ್ತದೆ. ಸ್ಪೀಕರಿನ ವೈರುಗಳಿಂದ ಕವಲು ತೆಗೆದು ಅಲ್ಲಿಗೆ ಕೊಡಬಹುದು. ಅದು ಎಳೆಯುವ ವಿದ್ಯುತ್ತು ತೀರ ಅಲ್ಪ, ಹಳೆಯ ಆಂಪ್ಲಿಫೈಯರಿಗೆ ಭಾರವಾಗುವುದಿಲ್ಲ. ಅಪಾಯ ಬೇರೆಡೆ ಇದೆ. ಕೆಲವು ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರಿನ ಎರಡು ತುದಿಗಳಲ್ಲಿ ಒಂದೂ ಗ್ರೌಂಡಿಗೆ ಸೇರಿರುವುದಿಲ್ಲ, ಎರಡರಲ್ಲೂ ಸಿಗ್ನಲ್ ಇರುತ್ತದೆ. ಅಂಥ ತುದಿಯನ್ನು ಸಬ್‌ವೂಫರಿನ ಗ್ರೌಂಡಿಗೆ ಮುಟ್ಟಿಸಿದರೆ ಆಂಪ್ಲಿಫೈಯರ್ ಸುಡುತ್ತದೆ. ಮೀಟರ್ ಹಿಡಿದು ನೋಡಬಲ್ಲ ಮೆಕ್ಯಾನಿಕ್ಕಿನ ಕೈಯಲ್ಲೇ ಈ ಕೆಲಸ ಮಾಡಿಸಿ. ವಾಲ್ವ್ ಇರುವ ಹ್ಯಾಮಂಡಿನಂಥ ವಾದ್ಯವಾದರೆ ಇನ್ನೂ ಜಾಗ್ರತೆ: ಒಳಗೆ ಮುನ್ನೂರು ವೋಲ್ಟ್ ಮೀರಿದ ವಿದ್ಯುತ್ತು ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಕೈ ಹಾಕಬೇಡಿ.

ಹ್ಯಾಮಂಡಿನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಅದರ ಚಕ್ರಗಳನ್ನು ತಿರುಗಿಸುವ ಮೋಟಾರು ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದದ್ದು. ಅಮೆರಿಕದ 60 ಹರ್ಟ್ಸ್‌ಗೆಂದು ಮಾಡಿದ ವಾದ್ಯವನ್ನು ಹಡಗಿನಲ್ಲಿ ತರಿಸಿ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ನಮ್ಮ 50 ಹರ್ಟ್ಸ್‌ನಲ್ಲಿ ಚಕ್ರ ನಿಧಾನವಾಗಿ ತಿರುಗುತ್ತದೆ, ಇಡೀ ವಾದ್ಯದ ಶ್ರುತಿ ಮೂರು ಮನೆಯಷ್ಟು ಇಳಿಯುತ್ತದೆ.

ಜೋಡಿಸಿ ಸ್ವಿಚ್ ಹಾಕಿದ ಕೂಡಲೇ ಬಹಳ ಮನೆಗಳಲ್ಲಿ ಮೊದಲು ಕೇಳುವುದು ಗುಂಯ್ ಎಂಬ ಸದ್ದು. ಆರ್ಗನ್ನಿಗೂ ಸಬ್‌ವೂಫರಿಗೂ ಬೇರೆ ಬೇರೆ ಕಡೆಯಿಂದ ಅರ್ಥ್ ಬಂದಿದ್ದು, ಆಡಿಯೊ ಕೇಬಲ್ಲಿನ ಮೂಲಕ ಆ ಎರಡೂ ಸೇರಿ ಒಂದು ಸುತ್ತು ಆಗಿರುತ್ತದೆ. ನಮ್ಮ ಕರೆಂಟಿನ 50 ಹರ್ಟ್ಸ್ ಪೆಡಲಿನ ಜಿಗೆ, 49 ಹರ್ಟ್ಸ್‌ಗೆ, ತೀರ ಹತ್ತಿರ. ಆ ಜಿ ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಸ್ವರ ಸೆಕೆಂಡಿಗೊಮ್ಮೆ ಏರಿಳಿಯುತ್ತಾ ತೂಗಿದರೆ ಗುಂಯ್‌ಗುಡುತ್ತಿರುವುದು ಕರೆಂಟೇ ಎಂಬುದು ಖಚಿತ. ಆಡಿಯೊ ಕೇಬಲನ್ನು ಸಬ್‌ವೂಫರಿನಿಂದ ಕಿತ್ತಾಗ ಸದ್ದು ನಿಂತರೆ ದೋಷ ಆ ಸುತ್ತಿನದು. ಎರಡೂ ಪ್ಲಗ್‌ಗಳನ್ನು ಒಂದೇ ಸ್ಪೈಕ್ ಗಾರ್ಡಿಗೆ ಹಾಕಿ ನೋಡಿ. ಬಹುಪಾಲು ಅಲ್ಲಿಗೆ ಮುಗಿಯುತ್ತದೆ. ಮುಗಿಯದಿದ್ದರೆ ಆಡಿಯೊ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಅಗ್ಗದ್ದು ಬೇಡ. ಕಾರಿನ ಸ್ಟೀರಿಯೊಗೆಂದು ಮಾರುವ ಪುಟ್ಟ ಟ್ರಾನ್ಸ್‌ಫಾರ್ಮರುಗಳು 50 ಹರ್ಟ್ಸ್‌ನ ಕೆಳಗಿನದ್ದನ್ನು ತಾವೇ ನುಂಗುತ್ತವೆ, ನಾವು ಹೊರಟದ್ದೇ ಆ ಸ್ವರಗಳಿಗಾಗಿ. ಸದ್ದು ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವ ರೂಢಿ ಕೆಲವರಲ್ಲಿದೆ. ದಯವಿಟ್ಟು ಎಂದೂ ಹಾಗೆ ಮಾಡಬೇಡಿ. ಆ ಪಿನ್ ಇರುವುದು ನುಡಿಸುವವರ ಜೀವ ಉಳಿಸಲು. ಆನ್ ಮಾಡುವಾಗ ಆರ್ಗನ್ ಮೊದಲು, ಸಬ್‌ವೂಫರ್ ಆಮೇಲೆ. ಆಫ್ ಮಾಡುವಾಗ ಸಬ್‌ವೂಫರ್ ಮೊದಲು. ಇಲ್ಲದಿದ್ದರೆ ಕೋನಿಗೆ ಪೆಟ್ಟು ಬೀಳುತ್ತದೆ.

ವೈರಿನ ಕೆಲಸ ಒಂದು ಸಂಜೆಯದು. ಕೋಣೆಯ ಕೆಲಸ ಅದಕ್ಕಿಂತ ದೊಡ್ಡದು, ನಾನು ಸಮವಾದ ಬೇಸ್ ಎಂದದ್ದು ಗೆಲ್ಲುವುದೂ ಸೋಲುವುದೂ ಇಲ್ಲೇ. ನಮ್ಮ ಹವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಕೆಳಗಿನ ಸಿಯ ಒಂದು ಅಲೆಯ ಉದ್ದ ಹತ್ತೂವರೆ ಮೀಟರ್. ಅದರ ಅರ್ಧ ಐದೂಕಾಲು ಮೀಟರ್, ಅಂದರೆ ಹದಿನೇಳು ಅಡಿಯ ಚಿಲ್ಲರೆ. ನಿಮ್ಮ ಹಾಲಿನ ಉದ್ದ ಹದಿನೇಳು ಅಡಿಯಾದರೆ ಅಲೆಯ ಅರ್ಧ ಭಾಗ ಎರಡು ಗೋಡೆಗಳ ನಡುವೆ ಸರಿಯಾಗಿ ಕೂತುಬಿಡುತ್ತದೆ. ಬಚ್ಚಲ ತೊಟ್ಟಿಯ ನೀರನ್ನು ಕೈಯಿಂದ ಹಿಂದೆ ಮುಂದೆ ತೂಗಿ ನೋಡಿ: ಎರಡು ಅಂಚಿನಲ್ಲಿ ನೀರು ಏರಿ ಇಳಿಯುತ್ತದೆ, ನಟ್ಟನಡುವೆ ಮಟ್ಟ ಕದಲುವುದೇ ಇಲ್ಲ. ಕೋಣೆಯೊಳಗಿನ ಗಾಳಿಯ ಒತ್ತಡವೂ ಹಾಗೆಯೇ. ಗೋಡೆಯ ಬಳಿ ನಿಂತವರಿಗೆ ಸಿ ಗುಡುಗುತ್ತದೆ, ಕೋಣೆಯ ಮಧ್ಯದಲ್ಲಿ ಕೂತವರಿಗೆ ಬಹುಪಾಲು ಇಲ್ಲವಾಗುತ್ತದೆ.

ಅಗಲ ಹನ್ನೆರಡು ಅಡಿಯಾದರೆ ಅದೇ ಲೆಕ್ಕದಲ್ಲಿ 47 ಹರ್ಟ್ಸ್, ಎಫ್ ಶಾರ್ಪ್ ಮತ್ತು ಜಿ ನಡುವೆ. ಎತ್ತರ ಹತ್ತು ಅಡಿಯಾದರೆ 56 ಅಥವಾ 57, ಎ ಸ್ವರದ ಪಕ್ಕ. ಹೀಗೆ ಹದಿನೇಳಕ್ಕೆ ಹನ್ನೆರಡರ ಕೋಣೆಯಲ್ಲಿ ಸಿ, ಜಿ, ಎ ಎದ್ದು ಕೇಳುವುದೂ ಡಿ, ಇ ಸೊರಗುವುದೂ ವಾದ್ಯದ ದೋಷವಲ್ಲ. ಪ್ರತಿ ಕೋಣೆಗೂ ತನ್ನದೇ ಸ್ವರಗಳಿವೆ. ಟೇಪ್ ಹಿಡಿದು ಅಳೆದರೆ ಯಾವ ಪೆಡಲ್ ತೊಂದರೆ ಕೊಡಬಹುದು ಎಂದು ಮೊದಲೇ ಹೇಳಬಹುದು. ಉದ್ದ ಗೋಡೆಯ ನಡುವಿಗೆ ಆರ್ಗನ್ ಇಡುವುದು ನಮ್ಮಲ್ಲಿ ಸಾಮಾನ್ಯ, ನೋಡಲು ಚೆಂದ. ಆದರೆ ಅಲ್ಲಿ ಕೂತವರು ಕೋಣೆಯ ಉದ್ದದ ನಟ್ಟನಡುವೆ ಕೂತಂತಾಯಿತು, ಕೆಳಗಿನ ಸಿ ಅವರಿಗೆ ಸಿಗುವುದಿಲ್ಲ. ಬೆಂಚನ್ನು ಎರಡು ಮೂರು ಅಡಿ ಪಕ್ಕಕ್ಕೆ ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ.

ಸಬ್‌ವೂಫರಿಗೆ ಜಾಗ ಹುಡುಕುವ ಸುಲಭದ ಉಪಾಯ ಹೀಗಿದೆ. ಅದನ್ನು ನೀವು ನುಡಿಸಲು ಕೂರುವ ಬೆಂಚಿಗೆ ತಾಗಿಸಿಯೇ ಇಡಿ. ಇನ್ನೊಬ್ಬರು ಬೋರ್ಡನ್ನಿನಲ್ಲಿ ಕೆಳಗಿನ ಒಂದು ಸ್ಥಾಯಿಯನ್ನು ನಿಧಾನವಾಗಿ ಹತ್ತಿ ಇಳಿಯಲಿ. ನೀವು ಕಿವಿಯನ್ನು ನೆಲಕ್ಕೆ ಹತ್ತಿರ ತಂದು ಗೋಡೆಯಂಚಿನಲ್ಲಿ ಸುತ್ತಿ. ಹದಿಮೂರು ಸ್ವರಗಳೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕೇಳುವ ಜಾಗ ಸಿಕ್ಕರೆ ಪೆಟ್ಟಿಗೆಯ ಜಾಗ ಅದೇ. ಅಲ್ಲಿಟ್ಟಾಗ ಬೆಂಚಿನಲ್ಲೂ ಅದೇ ಸಮತೆ ಕೇಳುತ್ತದೆ. ಮೂಲೆಗೆ ಒತ್ತಿಟ್ಟರೆ ಸದ್ದು ಅತಿ ಹೆಚ್ಚು, ಉಬ್ಬುತಗ್ಗೂ ಅತಿ ಹೆಚ್ಚು. ತಳಸ್ವರಗಳಲ್ಲಿ ಸಣ್ಣ ಏರಿಕೆಯೂ ಕಿವಿಗೆ ದೊಡ್ಡದಾಗಿ ಕೇಳುವುದರಿಂದ ನಾನು ಜೋರಿಗಿಂತ ಸಮತೆಯನ್ನೇ ಆರಿಸುತ್ತೇನೆ.

ಮನೆ ಕಟ್ಟಿದ ಬಗೆಯೂ ಇಲ್ಲಿ ಮಾತಾಡುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಧಾಟಿಗಳಿಗೆ ಕನ್ನಡ ಗೀತೆಗಳನ್ನು ಹೊಂದಿಸಿದರು. ಅವರೇ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಗೀತೆಗಳನ್ನು ಆ ಹೆಂಚಿನ ಮಾಡಿನ ಕೆಳಗೆ ಆರ್ಗನ್ನಿನಲ್ಲಿ ನುಡಿಸುವವರಿಗೆ ತಳಸ್ವರದ ಒಂದು ಪಾಲು ಮಾಡಿನಿಂದಲೂ ಕಿಟಕಿಯಿಂದಲೂ ಹೊರಟುಹೋಗುತ್ತದೆ. ಪೆಟ್ಟಿಗೆ ದೊಡ್ಡದು ಬೇಕು, ಆದರೆ ಸ್ವರ ಸಮವಾಗಿರುತ್ತದೆ. ನಾಲ್ಕೂ ಕಡೆ ಕಾಂಕ್ರೀಟು ಇರುವ ಫ್ಲಾಟಿನಲ್ಲಿ ಸಣ್ಣ ಪೆಟ್ಟಿಗೆಯೇ ಗುಡುಗುತ್ತದೆ, ಉಬ್ಬುತಗ್ಗು ಮಾತ್ರ ತೀವ್ರ. ಅಲ್ಲಿ ಬಾಗಿಲು ತೆರೆದಿಡುವುದು, ಹತ್ತಿ ತುಂಬಿದ ದೊಡ್ಡ ಸೋಫಾ, ಹಾಸಿಗೆ ಇರುವ ಕೋಣೆಯನ್ನೇ ಆರಿಸುವುದು ಸ್ವಲ್ಪ ನೆರವಾಗುತ್ತದೆ.

ತಿರುಗಣೆಗಳು ಮೂರು. ಒಂದು, ಎಷ್ಟು ಹರ್ಟ್ಸ್‌ನ ಕೆಳಗಿನದ್ದನ್ನು ಮಾತ್ರ ನುಡಿಸಬೇಕು ಎಂಬುದು. ಸಿನಿಮಾಕ್ಕೆ 80ಕ್ಕೆ ಇಡುವ ವಾಡಿಕೆ. ಆರ್ಗನ್ನಿಗೆ 60ರ ಹತ್ತಿರ ಸಾಕು, ಏಕೆಂದರೆ ಒಳಗಿನ ಸ್ಪೀಕರು ಅಲ್ಲಿಯವರೆಗೆ ತಕ್ಕಮಟ್ಟಿಗೆ ಬರುತ್ತದೆ. ಹೆಚ್ಚು ಮೇಲಕ್ಕೆ ತಿರುಗಿಸಿದರೆ ಎಡಗೈಯ ಸ್ವರಗಳೂ ದೂರದ ಪೆಟ್ಟಿಗೆಯಿಂದ ಬರತೊಡಗಿ ವಾದ್ಯ ಎರಡಾಗಿ ಸೀಳಿದಂತೆ ಕೇಳುತ್ತದೆ. ಎರಡನೆಯದು ಫೇಸ್ ಸ್ವಿಚ್, ಸೊನ್ನೆ ಅಥವಾ 180. ಎರಡು ಸ್ಪೀಕರುಗಳೂ ಸೇರಿ ನುಡಿಸುವ ಸ್ವರ ಯಾವುದೋ, ಪೆಡಲಿನ ಬಿ ಅಥವಾ ಅದರ ಮೇಲಿನ ಸಿ, ಅದನ್ನು ಹಿಡಿದು ಸ್ವಿಚ್ಚನ್ನು ಆಚೀಚೆ ಮಾಡಿ. ಸ್ವರ ತುಂಬಿ ಬಂದ ಕಡೆ ಬಿಡಿ. ಮೂರನೆಯದು ಮಟ್ಟ. ಇದನ್ನು ಗಟ್ಟಿ ಸ್ಟಾಪುಗಳಿಂದ ಹೊಂದಿಸಬೇಡಿ. ಮೇಲೆ ಅತ್ಯಂತ ಮೃದುವಾದ ತಂತಿನಾದದ ಸ್ಟಾಪು, ಕೆಳಗೆ ಬೋರ್ಡನ್ 16, ಇವೆರಡೇ ಇರಲಿ. 1886ರ ತಮ್ಮ ಮೂರನೆಯ ಸಿಂಫೊನಿಯಲ್ಲಿ ಫ್ರಾನ್ಸಿನ ಸ್ಯಾಂ-ಸಾನ್ಸ್ ಆರ್ಗನ್ನನ್ನು ಮೊದಲು ಒಳತರುವುದು ಇಂಥ ಮೆಲುದನಿಯಲ್ಲಿ, ನಿಧಾನದ ಭಾಗದಲ್ಲಿ. ಆ ಮೆಲುದನಿಗೆ ತಳ ಬಂದರೆ ಸಾಕು, ಪೂರ್ಣ ಆರ್ಗನ್ ತೆರೆದಾಗ ಮಟ್ಟ ತಾನಾಗಿ ಸರಿಯಿರುತ್ತದೆ.

ಆಗ ಮನೆಯ ಬೇರೆ ವಸ್ತುಗಳೂ ಹಾಡತೊಡಗುತ್ತವೆ. ಡಿ ಒತ್ತಿದಾಗ ಶೋಕೇಸಿನ ಗಾಜು, ಎಫ್ ಒತ್ತಿದಾಗ ಗೋದ್ರೆಜ್ ಕಪಾಟಿನ ಬಾಗಿಲು, ಇನ್ನೊಂದಕ್ಕೆ ಅಡುಗೆಮನೆಯ ಸ್ಟೀಲ್ ತಟ್ಟೆಗಳು. ಒಂದೊಂದು ಪೆಡಲನ್ನು ಹಿಡಿದು ಯಾವುದು ಅದುರುತ್ತಿದೆ ಎಂದು ಹುಡುಕಿ ರಬ್ಬರೋ ಬಟ್ಟೆಯೋ ಇಟ್ಟು ಸುಮ್ಮನಾಗಿಸಬೇಕು. ಅದುರುವ ಸದ್ದು ಮೇಲಿನ ಸ್ಥಾಯಿಯದಾದ್ದರಿಂದ ಸ್ವರಕ್ಕಿಂತ ಮುಂಚೆ ಅದೇ ಕಿವಿಗೆ ಬೀಳುತ್ತದೆ. ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಹಾಸಿದರೆ ನೆಲಕ್ಕೆ ಹೋಗುವ ಅದುರು ಕಡಿಮೆಯಾಗುತ್ತದೆ. ಗಾಳಿಯಲ್ಲಿ ಹೋಗುವುದು ಹೋಗಿಯೇ ಹೋಗುತ್ತದೆ, 33 ಹರ್ಟ್ಸ್‌ಗೆ ಒಂಬತ್ತಂಗುಲದ ಗೋಡೆ ದೊಡ್ಡ ತಡೆಯಲ್ಲ. ಫ್ಲಾಟಿನಲ್ಲಿರುವವರು ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ, ಅವರ ಮನೆಯಲ್ಲೇ ಕೂತು ಒಮ್ಮೆ ಕೇಳಿ ಬರುವುದು ಒಳ್ಳೆಯದು.

ಮೂವತ್ತೆರಡು ಅಡಿಯ ಸ್ವರವನ್ನೂ ಮನೆಗೆ ತರಬಹುದೇ ಎಂದು ಕೆಲವರು ಕೇಳುತ್ತಾರೆ. 16 ಹರ್ಟ್ಸ್‌ಗೆ ಬೇಕಾಗುವ ಪೆಟ್ಟಿಗೆ ಬೇರೆಯೇ ಗಾತ್ರದ್ದು. ಆದರೆ ಕೊಳವೆ ಕಟ್ಟುವವರೇ ಬಳಸುತ್ತಾ ಬಂದ ಒಂದು ದಾರಿ ಇದೆ: ಹದಿನಾರು ಅಡಿಯ ಸಿ ಜೊತೆಗೆ ಅದರ ಪಂಚಮವನ್ನು, 49 ಹರ್ಟ್ಸ್‌ನ ಜಿಯನ್ನು, ಮೆಲ್ಲಗೆ ಸೇರಿಸುವುದು. ಎರಡರ ವ್ಯತ್ಯಾಸ 16.35. ಕಿವಿ ಆ ವ್ಯತ್ಯಾಸವನ್ನೇ ಒಂದು ಸ್ವರದಂತೆ ಗ್ರಹಿಸುತ್ತದೆ. 18ನೆಯ ಶತಮಾನದಲ್ಲಿ ಇಟಲಿಯ ಪಿಟೀಲು ವಾದಕ ತಾರ್ತೀನಿ ಇಂಥ ಮೂರನೆಯ ಸ್ವರದ ಬಗ್ಗೆ ಬರೆದಿದ್ದರು. ಸಬ್‌ವೂಫರ್ 32.7 ಮತ್ತು 49ನ್ನು ಶುದ್ಧವಾಗಿ, ಸಮವಾಗಿ ಕೊಟ್ಟರೆ ಮಾತ್ರ ಈ ಉಪಾಯ ಫಲಿಸುತ್ತದೆ.

ಇಷ್ಟೆಲ್ಲ ಆದಮೇಲೆ ನಿಜವಾದ ಬದಲಾವಣೆ ಬರುವುದು ನುಡಿಸುವವರಲ್ಲಿ. ಪೆಡಲ್ ಕೇಳದಿದ್ದಾಗ ಕಾಲು ಸ್ವಲ್ಪ ತಡವಾಗಿ ಎದ್ದರೂ ತಿಳಿಯುವುದಿಲ್ಲ. ಒಂದು ಸ್ವರ ಇನ್ನೊಂದರ ಮೇಲೆ ಬಿದ್ದರೂ ತಿಳಿಯುವುದಿಲ್ಲ. ಕೇಳತೊಡಗಿದ ಕೂಡಲೇ ಎರಡೂ ಗೊತ್ತಾಗುತ್ತವೆ. ತಳಸ್ವರಕ್ಕೆ ಕೋಣೆಯಲ್ಲಿ ಏಳಲೂ ಆರಲೂ ಹೊತ್ತು ಬೇಕು, ಆದ್ದರಿಂದ ಎರಡು ಸ್ವರಗಳ ನಡುವೆ ಕೂದಲೆಳೆಯಷ್ಟು ಬಿಡುವು ಕೊಡುವುದನ್ನು ಕಾಲು ಕಲಿಯಬೇಕಾಗುತ್ತದೆ. ಇಪ್ಪತ್ತೈದು ಪೆಡಲ್ ಇರುವ ಆರ್ಗನ್ನಿನವರಿಗೆ ಬಾಖ್ ರಚಿಸಿದ ಸಿ ಮೈನರ್ ಪಾಸಕಾಲಿಯಾ ಇದಕ್ಕೆ ಹೇಳಿ ಮಾಡಿಸಿದ್ದು. ಅದು ಶುರುವಾಗುವುದೇ ಪೆಡಲಿನಿಂದ. ಎರಡೂ ಕೈ ಸುಮ್ಮನಿರುತ್ತವೆ. ಎಂಟು ಬಾರ್‌ಗಳ ಮೂಲ ರಾಗವನ್ನು ಕಾಲು ಒಂದೇ ನುಡಿಸಿ, ಕೊನೆಗೆ ಎಫ್, ಜಿ, ಆಮೇಲೆ ಅತಿ ಕೆಳಗಿನ ಸಿ ಎಂದು ಬಂದು ನಿಲ್ಲುತ್ತದೆ. ಅದರ ಮೇಲೆ ಇಪ್ಪತ್ತು ವಿಸ್ತಾರಗಳೂ ಒಂದು ಫ್ಯೂಗೂ ಏಳುತ್ತವೆ. ಆ ಮೂರು ಸ್ವರಗಳು 43.7, 49, 32.7 ಹರ್ಟ್ಸ್‌ನವು; ನಿಮ್ಮ ಕೋಣೆಯನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಒರೆಗೆ ಹಚ್ಚಲು ಅಷ್ಟು ಸಾಕು. ಹದಿಮೂರೇ ಪೆಡಲ್ ಇರುವವರು ತಮಗೆ ಬರುವ ಯಾವುದಾದರೂ ಗೀತೆಯ ತಳಸಾಲನ್ನು ಆರಿಸಿಕೊಳ್ಳಲಿ. ಮೊದಲ ಕೆಲವು ದಿನ ಕೈಗಳನ್ನು ಮಡಿಲಲ್ಲಿಟ್ಟು, ಬೋರ್ಡನ್ 16 ಒಂದನ್ನೇ ಎಳೆದು, ಆ ಸಾಲನ್ನಷ್ಟೇ ಕಾಲಿನಿಂದ ನುಡಿಸಿ.